ಕಡಲ ಗಾಳಿಗೆ ಮೈಯೊಡ್ಡಿದ ಕಂಚು

ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಪ್ರಾಂತದಲ್ಲಿ, ಕಡಲಿಗೆ ಚಾಚಿಕೊಂಡಂತೆ ಸೇಂಟ್ ಐವ್ಸ್ ಎಂಬ ಪುಟ್ಟ ಊರಿದೆ. ಅದರ ಇಕ್ಕಟ್ಟಾದ ಬೀದಿಗಳ ನಡುವೆ, ಎತ್ತರವಾದ ಗೋಡೆಯ ಹಿಂದೆ ಒಂದು ತೋಟವುಂಟು. ಬಿದಿರು, ತಾಳೆಯ ಜಾತಿಯ ಮರಗಳು, ಹೂಗಿಡಗಳ ಮಧ್ಯೆ ಅಲ್ಲಲ್ಲಿ ಕಂಚಿನ ಆಕೃತಿಗಳು ನಿಂತಿವೆ. ಅವು ಮನುಷ್ಯರ ಪ್ರತಿಮೆಗಳಲ್ಲ; ಪ್ರಾಣಿಗಳವೂ ಅಲ್ಲ. ಆದರೂ ನೋಡಿದವರಿಗೆ ಅಲೆ, ಗುಡ್ಡ, ಚಿಪ್ಪು, ಕಡಲಗವಿಗಳು ನೆನಪಾಗುತ್ತವೆ. ಇದೇ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ ಟ್ರೆವಿನ್ ಶಿಲ್ಪಶಾಲೆ.

ಹೆಪ್‌ವರ್ತ್ ಹುಟ್ಟಿದ್ದು ೧೯೦೩ರಲ್ಲಿ, ಯಾರ್ಕ್‌ಷೈರಿನ ವೇಕ್‌ಫೀಲ್ಡಿನಲ್ಲಿ. ತಂದೆ ಕೌಂಟಿ ಆಡಳಿತದ ಸಿವಿಲ್ ಎಂಜಿನಿಯರ್. ಅವರು ಕೆಲಸದ ಮೇಲೆ ಹೊರಟಾಗ ಬಾಲಕಿಯೂ ಕಾರಿನಲ್ಲಿ ಜೊತೆಗಿರುತ್ತಿದ್ದಳು. ಬೆಟ್ಟಗಳ ಏರಿಳಿತವೇ ಒಂದು ಶಿಲ್ಪವೆಂಬ ಭಾವ ಆ ಪಯಣಗಳಲ್ಲಿಯೇ ಮೂಡಿತೆಂದು ಆಕೆ ಮುಂದೆ ನೆನೆದಿದ್ದಾರೆ.

೧೯೩೪ರಲ್ಲಿ ಆಕೆಗೆ ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳಾದವು. ೧೯೩೯ರ ಆಗಸ್ಟ್ ತಿಂಗಳಲ್ಲಿ, ಮಹಾಯುದ್ಧದ ಹೊಸ್ತಿಲಲ್ಲಿ, ಚಿತ್ರಕಾರ ಪತಿ ಬೆನ್ ನಿಕಲ್ಸನ್‌ರೊಡನೆ ಸಂಸಾರ ಕಾರ್ನ್‌ವಾಲಿಗೆ ಬಂದಿತು. ಹಗಲೆಲ್ಲ ಶಿಶುವಿಹಾರ ನಡೆಸುವುದು, ಹಿತ್ತಲಲ್ಲಿ ತರಕಾರಿ ಬೆಳೆಯುವುದು, ಮಕ್ಕಳ ಆರೈಕೆ. ಕಲ್ಲು ಕೆತ್ತಲು ಸ್ಥಳವೂ ಇರಲಿಲ್ಲ, ಸಮಯವೂ ಇರಲಿಲ್ಲ. ಮನೆಮಂದಿ ಮಲಗಿದ ಮೇಲೆ ರಾತ್ರಿ ಚಿತ್ರ ಬರೆಯುವುದೊಂದೇ ಉಳಿದ ದಾರಿ. ಆದರೆ ಆ ವರ್ಷಗಳಲ್ಲಿಯೇ ಕಾರ್ನ್‌ವಾಲಿನ ಕಡಲೂ ಬಂಡೆಗಳೂ ಆಕೆಯ ಮನಸ್ಸಿನೊಳಗೆ ಇಳಿದುವು.

ಊರಿಗೆ ಬಂದ ಹತ್ತು ವರ್ಷಗಳ ನಂತರ, ೧೯೪೯ರಲ್ಲಿ, ಟ್ರೆವಿನ್ ಕೈಗೆ ಬಂದಿತು. ಸಾಕಷ್ಟು ಸ್ಥಳ, ತೆರೆದ ಆಕಾಶ, ಸುತ್ತ ತೋಟ! ಸಂಗೀತ ರಚನಕಾರ್ತಿ ಗೆಳತಿ ಪ್ರಿಯೋ ರೇನಿಯರ್ ತೋಟವನ್ನು ರೂಪಿಸಲು ನೆರವಾದರು. ದುಃಖವೂ ಬೆನ್ನಟ್ಟಿ ಬಂದಿತು. ೧೯೫೧ರಲ್ಲಿ ದಾಂಪತ್ಯ ಮುರಿಯಿತು. ಮೊದಲ ಮದುವೆಯ ಮಗ, ವಾಯುಪಡೆಯ ತರುಣ, ೧೯೫೩ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡನು. ಕೆಲಸ ಮಾತ್ರ ನಿಲ್ಲಲಿಲ್ಲ.

ಅದುವರೆಗೆ ಕಲ್ಲು, ಮರಗಳನ್ನೇ ಕೆತ್ತುತ್ತಿದ್ದ ಆಕೆ ೧೯೫೬ರಲ್ಲಿ, ಐವತ್ತು ದಾಟಿದ ಮೇಲೆ, ಕಂಚಿಗೆ ಕೈಹಾಕಿದರು. ತೆಳುವಾಗಿ ಬಾಗಿ ಚಾಚುವ ರೂಪವನ್ನು ಕಲ್ಲು ತಾಳದು, ಕಂಚು ತಾಳೀತು. ಆದರೆ ಕೆತ್ತುವ ಕೈ ತನ್ನ ಅಭ್ಯಾಸವನ್ನು ಬಿಡಲಿಲ್ಲ. ಲೋಹದ ಜಾಲರಿಯ ಹಂದರಕ್ಕೆ ಗಾರೆಯನ್ನು ಪದರಪದರವಾಗಿ ಮೆತ್ತಿ, ಅದು ಗಟ್ಟಿಯಾದ ಮೇಲೆ ಕಲ್ಲಿನಂತೆಯೇ ಕೆತ್ತಿ, ಉಜ್ಜಿ, ಆನಂತರ ಎರಕಕ್ಕೆ ಕಳುಹಿಸುತ್ತಿದ್ದರು. ಟ್ರೆವಾಲ್ಗನ್ ಗುಡ್ಡದ ಮೇಲೆ ನಿಂತು ಕಡಲನ್ನೂ ಸೂರ್ಯಾಸ್ತವನ್ನೂ ಕಂಡ ಅನುಭವ ಒಂದು ಬಾಗಿದ ಕಂಚಾಯಿತು. ಪೋರ್ತ್‌ಮಿಯರ್ ತೀರದಲ್ಲಿ ಸುರುಳಿಯಾಗಿ ಒಡೆಯುವ ತೆರೆ ೧೯೫೮ರಲ್ಲಿ ಇನ್ನೊಂದಾಯಿತು. ಆಕೆ ಕಡಲಿನ ಚಿತ್ರವನ್ನು ಮಾಡಲಿಲ್ಲ. ಕಡಲೆದುರು ನಿಂತ ಮನುಷ್ಯನಿಗೆ ಆಗುವುದನ್ನು ಲೋಹದಲ್ಲಿ ಹಿಡಿದರು.

ನ್ಯೂಯಾರ್ಕಿನ ವಿಶ್ವಸಂಸ್ಥೆಯ ಮುಂದೆ ನಿಂತಿರುವ ‘ಏಕರೂಪ’ ಎಂಬ ಬೃಹತ್ ಕಂಚೂ ಆಕೆಯದೇ. ೧೯೬೧ರಲ್ಲಿ ವಿಮಾನ ದುರಂತಕ್ಕೆ ಬಲಿಯಾದ ಮಹಾಕಾರ್ಯದರ್ಶಿ, ಮಿತ್ರ ಡಾಗ್ ಹ್ಯಾಮರ್‌ಶೀಲ್ಡ್‌ರ ನೆನಪಿಗೆ ಅರ್ಪಿತವಾದ ಈ ಶಿಲ್ಪ ೧೯೬೪ರಲ್ಲಿ ಅನಾವರಣಗೊಂಡಿತು. ಎತ್ತರ ಸುಮಾರು ೨೧ ಅಡಿ.

೧೯೭೫ರ ಮೇ ೨೦ರಂದು ಟ್ರೆವಿನ್‌ನಲ್ಲಿ ಬೆಂಕಿ ಬಿದ್ದು, ೭೨ರ ಹರೆಯದ ಹೆಪ್‌ವರ್ತ್ ಅದರಲ್ಲಿಯೇ ಅಸುನೀಗಿದರು. ಶಿಲ್ಪಶಾಲೆಯನ್ನು ಜನರಿಗೆ ತೆರೆದಿಡಬೇಕೆಂಬ ಆಸೆಯನ್ನು ಆಕೆ ಮರಣಪತ್ರದಲ್ಲಿ ಸೂಚಿಸಿದ್ದರು. ಮನೆಯವರು ಮರುವರ್ಷವೇ ಅದನ್ನು ನೆರವೇರಿಸಿದರು; ೧೯೮೦ರಿಂದ ಟೇಟ್ ಕಲಾಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ.

ಇಲ್ಲಿ ಹೆಚ್ಚಿನ ಶಿಲ್ಪಗಳು ಆಕೆಯೇ ಇರಿಸಿದ ಜಾಗದಲ್ಲಿವೆ. ೧೯೬೬ರ ‘ನಾಲ್ಕು ಚೌಕ’ ಎಂಬುದರ ನಡುವೆಯೇ ನಡೆದು ಹೋಗಬಹುದು. ಅದರ ದುಂಡನೆಯ ಕಿಂಡಿಗಳಲ್ಲಿ ಎಲೆಯೂ ಆಕಾಶವೂ ಕಾಣುತ್ತವೆ. ಮಳೆ ಬಂದರೆ ಕಂಚು ಕಪ್ಪಾಗಿ ಮಿನುಗುತ್ತದೆ, ಬಿಸಿಲಿಗೆ ಹಸುರಾಗಿ ತೋರುತ್ತದೆ. ಪಕ್ಕದ ಕೆಲಸದ ಕೋಣೆಯಲ್ಲಿ ಉಳಿ, ಸುತ್ತಿಗೆ, ದೂಳು ಮೆತ್ತಿದ ನಿಲುವಂಗಿಗಳು ಹಾಗೆಯೇ ಇವೆ. ಅರ್ಧ ಕೆತ್ತಿದ ಕಲ್ಲುಗಳೂ ಇವೆ. ಆ ಕೆಲಸವನ್ನು ಬೇರೆ ಯಾರೂ ಮುಂದುವರಿಸಿಲ್ಲ.