ಪೂರ್ವಿಕರ ಹೆಸರು ಯಾವ ದಫ್ತರದಲ್ಲಿದೆ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ತಮ್ಮ ವಂಶದ ಮೂಲವನ್ನು ಹುಡುಕಲು ಹೊರಡುವ ಕುಟುಂಬಗಳು ಸಾಮಾನ್ಯವಾಗಿ ಎರಡು ನಂಬಿಕೆಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಮುತ್ತಾತನ ಕಾಲದ ಮನೆಮಂದಿಯ ಹೆಸರೆಲ್ಲ ಸರ್ಕಾರದ ಯಾವುದೋ ಹಳೆಯ ಪುಸ್ತಕದಲ್ಲಿ ಇದ್ದೇ ಇರುತ್ತದೆ ಎಂಬುದು ಒಂದು. ಪಾಳೆಯಗಾರರ ಮನೆತನಗಳನ್ನೂ ಅಗ್ರಹಾರಗಳನ್ನೂ ಬಿಟ್ಟರೆ ಹಳ್ಳಿಯ ಸಾಮಾನ್ಯರಿಗೆ ದಾಖಲೆ ಎಂಬುದೇ ಇಲ್ಲ ಎಂಬುದು ಇನ್ನೊಂದು. ಎರಡೂ ನಿಜವಲ್ಲ. ಕುಟುಂಬಗಳ ಚರಿತ್ರೆಯನ್ನು ಉಳಿಸಬೇಕೆಂದು ಈ ಸೀಮೆಯಲ್ಲಿ ಯಾವ ಆಡಳಿತವೂ ಪುಸ್ತಕ ಇಟ್ಟಿಲ್ಲವಾದರೂ, ಕಂದಾಯ ಎತ್ತುವುದಕ್ಕೆ, ಇನಾಮು ಪರಿಶೀಲಿಸುವುದಕ್ಕೆ, ಊರಿನ ಚಾಕರಿಯ ಸರದಿ ಗೊತ್ತುಮಾಡುವುದಕ್ಕೆ ಬರೆದ ಲೆಕ್ಕಗಳಲ್ಲಿ ಸಾವಿರಾರು ಸಾಮಾನ್ಯರ ಹೆಸರುಗಳು ಸೇರಿಕೊಂಡಿವೆ. ಆ ಲೆಕ್ಕ ಯಾವ ಉದ್ದೇಶಕ್ಕೆ ಬರೆದದ್ದೆಂದು ತಿಳಿದವರಿಗೆ ಮಾತ್ರ ಅದರೊಳಗಿನ ಹೆಸರು ಸರಿಯಾಗಿ ಅರ್ಥವಾಗುತ್ತದೆ.

ಮೊದಲ ನಂಬಿಕೆಗೆ ಮುಖ್ಯ ಆಧಾರವಾಗಿರುವುದು ಜನಗಣತಿ. ಇಂಗ್ಲೆಂಡಿನಲ್ಲಿ 1841ರಿಂದೀಚಿನ ಗಣತಿಯ ಮನೆವಾರು ಹಾಳೆಗಳು ಬಹುಮಟ್ಟಿಗೆ ಉಳಿದಿದ್ದು, ನೂರು ವರ್ಷ ಕಳೆದ ಮೇಲೆ ಅವುಗಳನ್ನು ಸಾರ್ವಜನಿಕರಿಗೆ ತೆರೆಯುವ ಪದ್ಧತಿಯಂತೆ 1921ರ ಹಾಳೆಗಳು 2022ರಲ್ಲಿ ಬಿಡುಗಡೆಯಾದವು. ಇಲ್ಲಿಯೂ ಹಾಗೆಯೇ ಇರಬೇಕೆಂದು ಊಹಿಸುವುದು ಸಹಜ, ಏಕೆಂದರೆ ಮೈಸೂರು ಸಂಸ್ಥಾನದಲ್ಲಿಯೂ 1871ರಿಂದ ಕ್ರಮಬದ್ಧ ಗಣತಿ ನಡೆದಿದೆ. ಅದಕ್ಕೂ ಮುಂಚೆ ಖಾನೇಷುಮಾರಿ ಎಂಬ ಹೆಸರಿನಲ್ಲಿ, ಅಂದರೆ ಮನೆಗಳನ್ನೂ ತಲೆಗಳನ್ನೂ ಎಣಿಸುವ ಲೆಕ್ಕದ ರೂಪದಲ್ಲಿ, ಕಂದಾಯದ ನೌಕರರು ಜನಸಂಖ್ಯೆಯನ್ನು ಬರೆದು ಕಳಿಸುತ್ತಿದ್ದರು. ಆದರೆ ಭಾರತದ ಗಣತಿಯಲ್ಲಿ ಉಳಿದದ್ದು ಹೆಸರುಗಳಲ್ಲ, ಮೊತ್ತಗಳು. ಮನೆವಾರು ಹಾಳೆಗಳಿಂದ ಅಂಕಿಗಳನ್ನು ತೆಗೆದು ಕೋಷ್ಟಕ ಮಾಡಿದ ಬಳಿಕ ಆ ಹಾಳೆಗಳನ್ನು ನಾಶಮಾಡುವುದೇ ರೂಢಿಯಾಗಿತ್ತು. ಸ್ವಾತಂತ್ರ್ಯಾನಂತರ ಬಂದ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಇನ್ನೂ ಮುಂದೆ ಹೋಗಿ, ಗಣತಿದಾರರು ಬರೆದ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲವೆಂದೂ ಅದರಲ್ಲಿನ ನಮೂದನ್ನು ಸಿವಿಲ್ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಒಪ್ಪಬಾರದೆಂದೂ ವಿಧಿಸಿದೆ. ಆದ್ದರಿಂದ ಮುತ್ತಜ್ಜಿಯ ಹೆಸರನ್ನು ಗಣತಿಯಲ್ಲಿ ಹುಡುಕುವುದು ವ್ಯರ್ಥವಾದರೂ, ಅವಳು ಬಾಳಿದ ಕಾಲವನ್ನು ಅರಿಯುವುದಕ್ಕೆ ಅದೇ ಗಣತಿಯ ಮೊತ್ತಗಳು ಬಹಳ ನೆರವಾಗುತ್ತವೆ. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ನಡುವೆ ಬಂದದ್ದು 1876-78ರ ಮಹಾಕ್ಷಾಮ. ಅನೇಕ ಮನೆತನಗಳ ನೆನಪು ಆ ಕಾಲದ ಹಿಂದಕ್ಕೆ ಹೋಗದೆ ನಿಂತುಬಿಡುವುದನ್ನು ಮರೆವೆಂದು ತಳ್ಳಿಹಾಕುವ ಮೊದಲು, ಹೇಳಬೇಕಾದ ಹಿರಿಯರೇ ಆ ಬರದಲ್ಲಿ ಇಲ್ಲವಾದದ್ದನ್ನು ಗಮನಿಸಬೇಕು.

ಜನನ-ಮರಣದ ಪುಸ್ತಕಗಳ ಬಗ್ಗೆಯೂ ಇಂಥದೇ ನಿರೀಕ್ಷೆಯಿದೆ. ಇಂಗ್ಲೆಂಡಿನ ಪ್ಯಾರಿಷ್‌ಗಳು, ಅಂದರೆ ಒಂದು ಚರ್ಚಿನ ಆಡಳಿತಕ್ಕೆ ಸೇರಿದ ಊರುಗಳು, 1538ರ ರಾಜಾಜ್ಞೆಯ ನಂತರ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ದಾಖಲಿಸುತ್ತ ಬಂದಿದ್ದರಿಂದ ಅಲ್ಲಿನ ಕೂಲಿಗಾರನ ಮಗುವಿನ ಹೆಸರೂ ಉಳಿದಿದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಐರೋಪ್ಯ ಸಿಪಾಯಿಗಳ ಮಕ್ಕಳ ದೀಕ್ಷಾಸ್ನಾನದ ವಿವರಗಳು ಮದರಾಸಿನ ಮೂಲಕ ಲಂಡನ್ನಿಗೆ ಪ್ರತಿಯಾಗಿ ಹೋಗುತ್ತಿದ್ದವು. ಅವು ಇಂದಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಈ ಸೀಮೆಯ ಕ್ಯಾಥೊಲಿಕ್ ಕುಟುಂಬಗಳಿಗೂ ಧರ್ಮಕೇಂದ್ರಗಳ ಹಳೆಯ ಪುಸ್ತಕಗಳು, ಬಹುಪಾಲು ಲ್ಯಾಟಿನ್ ನಮೂದುಗಳೊಡನೆ, ಅಷ್ಟೇ ಉಪಯುಕ್ತ. ಉಳಿದವರ ಮಟ್ಟಿಗೆ ಜನನ-ಮರಣದ ಲೆಕ್ಕ ಊರಿನ ಪಟೇಲರ ಕೈಯಲ್ಲಿತ್ತು. ಹುಟ್ಟಿದ ಕೂಡಲೇ ಹೆಸರಿಡುವ ಪದ್ಧತಿ ಇಲ್ಲದ್ದರಿಂದ ಆ ಲೆಕ್ಕದಲ್ಲಿ ತಂದೆಯ ಹೆಸರೂ ಮಗು ಗಂಡೋ ಹೆಣ್ಣೋ ಎಂಬುದೂ ಇದ್ದು, ಮಗುವಿನ ಹೆಸರಿನ ಜಾಗ ಖಾಲಿ ಉಳಿದಿರುವುದೇ ಹೆಚ್ಚು. ಜನನ-ಮರಣ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂದದ್ದು 1969ರಲ್ಲಿ. ಶಾಲೆಯ ದಾಖಲಾತಿ ಪುಸ್ತಕದಲ್ಲಿರುವ ಹುಟ್ಟಿದ ದಿನ, ಅದರಲ್ಲೂ ಜೂನ್ 1 ಎಂದಿರುವುದು, ಮಗುವನ್ನು ಒಂದನೇ ತರಗತಿಗೆ ಸೇರಿಸಲು ವಯಸ್ಸು ಹೊಂದಿಸಿ ಬರೆದ ತಾರೀಖಾಗಿರುವ ಸಂಭವವೇ ಹೆಚ್ಚು. ಅದನ್ನು ಜನ್ಮದಿನವೆಂದು ನಂಬಿ ತಂದೆತಾಯಿಯರ ಮದುವೆಯ ವರ್ಷವನ್ನು ಲೆಕ್ಕಹಾಕುವುದು ಸರಿಯಾಗದು.

ಹಾಗಾದರೆ ಹೆಸರುಗಳು ಇರುವುದೆಲ್ಲಿ? ಭೂಮಿಯ ಲೆಕ್ಕದಲ್ಲಿ. 1860ರ ದಶಕದಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿಯ ಮಾದರಿಯ ಕಂದಾಯ ಸರ್ವೆ ಆರಂಭವಾಗಿ ತಾಲ್ಲೂಕಿನಿಂದ ತಾಲ್ಲೂಕಿಗೆ ಹರಡಿತು. ಅದಕ್ಕೂ ಮೊದಲು ಶಾನುಭೋಗರ ಲೆಕ್ಕ ಇದ್ದದ್ದು ಕಡತಗಳಲ್ಲಿ: ಬಟ್ಟೆಗೆ ಇದ್ದಿಲ ಪುಡಿ ಮತ್ತು ಹುಣಸೆಬೀಜದ ಅಂಟು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಎಷ್ಟೋ ಹಳೆಯ ಹೆಸರುಗಳು ಅಲ್ಲಿಯೇ ಅಳಿದವು. ಸರ್ವೆಯ ನಂತರ ಪ್ರತಿ ಜಮೀನಿಗೂ ನಂಬರು ಬಂದು, ಅಳತೆಯ ಮೂಲ ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯವನ್ನು ತೋರಿಸುವ ಆಕಾರಬಂದು, ಮುಂದೆ ಐ.ಎಲ್. ಮತ್ತು ಆರ್.ಆರ್. ಎಂದು ಎಲ್ಲರೂ ಕರೆಯುವ ಜಮೀನಿನ ಸೂಚಿ ಮತ್ತು ಹಕ್ಕುದಾಖಲೆಯ ಪುಸ್ತಕಗಳು ಒಂದರ ಹಿಂದೆ ಒಂದು ಬೆಳೆದವು. 1960ರ ದಶಕದಿಂದೀಚೆಗೆ ಕೈಬರಹದ ಪಹಣಿಗಳು, 2000ದ ಆಸುಪಾಸಿನಿಂದ ಭೂಮಿ ಯೋಜನೆಯ ಗಣಕೀಕೃತ ಪಹಣಿಗಳು ಬಂದಿವೆ. ಕಂಪ್ಯೂಟರಿನಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂಬ ಮಾತು ಈಗ ಸಾಮಾನ್ಯವಾಗಿ ಕೇಳಿಬರುತ್ತದೆ. ವಾಸ್ತವದಲ್ಲಿ ಗಣಕೀಕರಣಕ್ಕೆ ಮುಂಚಿನ ಪಹಣಿಗಳೂ ಮ್ಯುಟೇಷನ್ ಪುಸ್ತಕಗಳೂ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿದ್ದು, ನಕಲಿಗೆ ಅರ್ಜಿ ಹಾಕಿ ಪಡೆಯಬೇಕಾಗುತ್ತದೆ.

ವಂಶವನ್ನು ಹುಡುಕುವವರು ಪಹಣಿಯನ್ನು ಹೊಸದರಿಂದ ಹಳೆಯದಕ್ಕೆ ಓದಬೇಕು. 9ನೇ ಕಲಮಿನಲ್ಲಿ ಸ್ವಾಧೀನದಾರನ ಹೆಸರು, 10ನೆಯದರಲ್ಲಿ ಜಮೀನು ಬಂದ ರೀತಿ, 12ನೆಯದರಲ್ಲಿ ಸಾಗುವಳಿ ಮಾಡುತ್ತಿದ್ದವನ ಹೆಸರು ಇರುತ್ತದೆ. 10ನೇ ಕಲಮಿನಲ್ಲಿ ‘ಪೌತಿ’ ಎಂದಿದ್ದರೆ ಹಿಂದಿನ ಖಾತೆದಾರ ತೀರಿಕೊಂಡು ಖಾತೆ ವಾರಸುದಾರರಿಗೆ ಬದಲಾಗಿದೆ ಎಂದರ್ಥ. ಅಲ್ಲಿರುವ ಮ್ಯುಟೇಷನ್ ನಂಬರನ್ನು ಹಿಡಿದು ಮೂಲ ಪುಸ್ತಕವನ್ನು ತೆಗೆಸಿದರೆ ಸತ್ತವನ ಹೆಸರು, ವಾರಸುದಾರರ ಹೆಸರು, ಕೆಲವೊಮ್ಮೆ ಸಂಬಂಧವೂ ದೊರೆಯುತ್ತದೆ. ಒಂದು ಪೌತಿ ನಮೂದಿನಿಂದ ಒಂದು ತಲೆಮಾರು ಹಿಂದಕ್ಕೆ ಹೋದಂತಾಗುತ್ತದೆ.

ಆದರೆ ಇದೇ ಸ್ಥಳದಲ್ಲಿ ಅತಿ ಹೆಚ್ಚು ತಪ್ಪುಗಳೂ ಆಗುತ್ತವೆ. ಅವಿಭಕ್ತ ಕುಟುಂಬದ ಖಾತೆ ಹಿರಿಯನ ಹೆಸರಿನಲ್ಲಿ ಮಾತ್ರ ಇರುತ್ತಿದ್ದುದರಿಂದ, ಪಹಣಿಯಲ್ಲಿ ಒಬ್ಬನೇ ಕಂಡನೆಂದು ಅವನಿಗೆ ಒಡಹುಟ್ಟಿದವರು ಇರಲಿಲ್ಲವೆಂದು ತೀರ್ಮಾನಿಸಲಾಗದು. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದ ‘ಮುನಿಯಪ್ಪ ಬಿನ್ ಪಿಳ್ಳಪ್ಪ’ ಎಂಬವನ ಮಗ ‘ಪಿಳ್ಳಪ್ಪ ಬಿನ್ ಮುನಿಯಪ್ಪ’ನಾಗಿ, ಅವನ ಮಗ ಮತ್ತೆ ಮುನಿಯಪ್ಪನಾಗುತ್ತಾನೆ (‘ಬಿನ್’ ಎಂದರೆ ಇಂಥವನ ಮಗ). ಮುನಿಯಪ್ಪ, ಮುನಿಶಾಮಪ್ಪ, ಮುನಿವೆಂಕಟಪ್ಪ, ಪಿಳ್ಳಪ್ಪ ಎಂಬ ಹೆಸರುಗಳು ದೇವನಹಳ್ಳಿ, ಹೊಸಕೋಟೆಗಳ ಕಡೆ ಬೀದಿಬೀದಿಯಲ್ಲೂ ಇರುವುದರಿಂದ, ಅಜ್ಜನನ್ನೂ ಮೊಮ್ಮಗನನ್ನೂ ಒಬ್ಬನೇ ಎಂದು ಎಣಿಸಿ ಎರಡು ತಲೆಮಾರುಗಳನ್ನು ಕಳೆದುಕೊಳ್ಳುವುದು, ಇಲ್ಲವೇ ಬೇರೆ ಮನೆಯ ಮುನಿಯಪ್ಪನನ್ನು ತಮ್ಮವನೆಂದು ಸೇರಿಸಿಕೊಳ್ಳುವುದು ಸುಲಭ. ಹೆಸರಿನ ಜೊತೆಗೆ ಸರ್ವೆ ನಂಬರು, ಹಿಸ್ಸಾ ಮತ್ತು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಗಳು, ಕೂಡಿಬಂದಾಗ ಮಾತ್ರ ಗುರುತು ಖಚಿತವಾಗುತ್ತದೆ. ಪಹಣಿಯಲ್ಲಿ ಹೆಸರಿದ್ದವನೇ ಮಾಲೀಕ ಎಂಬ ನಂಬಿಕೆಯನ್ನೂ ಬಿಡಬೇಕು. ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ಆ ನಮೂದು ಬೇರೆ ಎಂದು ರುಜುವಾತಾಗುವವರೆಗೆ ಸರಿಯೆಂದು ಭಾವಿಸಬೇಕಾದ ನಮೂದೇ ಹೊರತು ಹಕ್ಕನ್ನು ಹುಟ್ಟಿಸುವ ಪತ್ರವಲ್ಲ.

ಜಮೀನಿಲ್ಲದವರಿಗೆ ಚರಿತ್ರೆಯಿಲ್ಲ ಎಂಬ ಮಾತು ಇವೆಲ್ಲಕ್ಕಿಂತ ಹೆಚ್ಚು ನೋವುಂಟುಮಾಡುವ ಸುಳ್ಳು. ಊರಿನ ತೋಟಿ, ಕಾವಲಿನ ತಳವಾರ, ಕೆರೆಯ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವ ನೀರಗಂಟಿ, ಇವರೆಲ್ಲ ಊರ ಚಾಕರಿಗೆ ಪ್ರತಿಯಾಗಿ ಇನಾಮು ಜಮೀನು ಅನುಭವಿಸುತ್ತಿದ್ದರು; ಇವರಲ್ಲಿ ಬಹುಪಾಲು ಇಂದು ಪರಿಶಿಷ್ಟ ಜಾತಿಗಳೆಂದು ಗುರುತಿಸುವ ಸಮುದಾಯಗಳವರು. ಚಾಕರಿ ತಂದೆಯಿಂದ ಮಗನಿಗೆ ಬರುತ್ತಿದ್ದುದರಿಂದ, ಯಾರ ಸರದಿ, ಯಾರ ಪಾಲು ಎಂಬ ವಿವರಗಳು ಲೆಕ್ಕಕ್ಕೆ ಸೇರಲೇಬೇಕಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಮತ್ತು ಈ ಚಾಕರಿಗಳನ್ನೆಲ್ಲ ಕೊನೆಗೊಳಿಸಿದಾಗ, ಆ ಜಮೀನುಗಳನ್ನು ಅನುಭವದಲ್ಲಿದ್ದ ಕುಟುಂಬಗಳಿಗೇ ಮರುಮಂಜೂರು ಮಾಡಲು ಅವಕಾಶವಾಯಿತು. ಆ ಅರ್ಜಿಗಳ ಜೊತೆ ಸಲ್ಲಿಸಿದ ವಂಶಾವಳಿಗಳೂ ಕೊಟ್ಟ ಹೇಳಿಕೆಗಳೂ ತಹಶೀಲ್ದಾರರ ಕಡತಗಳಲ್ಲಿ ಸೇರಿವೆ. ಗೇಣಿದಾರರ ಮಟ್ಟಿಗೆ 1954 ಮತ್ತು 1955ರ ಇನಾಮು ರದ್ದಿಯಾತಿ ಕಾಯ್ದೆಗಳ ಆದೇಶಗಳೂ, 1974ರ ಭೂಸುಧಾರಣೆಯ ನಂತರ ಭೂನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿಗಳೂ ಅಷ್ಟೇ ಬೆಲೆಯುಳ್ಳವು. ತನ್ನ ತಂದೆಯೂ ತಾತನೂ ಇದೇ ನೆಲವನ್ನು ಉತ್ತರೆಂದು ಗೇಣಿದಾರ ಸಾಕ್ಷಿ ನುಡಿದದ್ದು ಆ ಕಡತಗಳಲ್ಲಿ ಅವನ ಮಾತಿನಲ್ಲೇ ಉಳಿದಿರಬಹುದು. ಈ ಕಡತಗಳನ್ನು ಗೆದ್ದಲಿಗೆ ಬಿಡುವುದೆಂದರೆ, ಬೇರೆಲ್ಲೂ ಬರೆಯಲ್ಪಡದ ಕುಟುಂಬಗಳ ಚರಿತ್ರೆಯನ್ನು ಅಳಿಸುವುದೇ ಸರಿ.

ಇನ್ನು ಶಾಸನಗಳ ವಿಷಯ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟ 1905ರಲ್ಲಿ ಪ್ರಕಟವಾಗಿದ್ದು, ಅದರಲ್ಲಿ ಈ ನಾಲ್ಕೂ ತಾಲ್ಲೂಕುಗಳ ಶಾಸನಗಳು ಊರುವಾರಾಗಿ ಸಿಗುತ್ತವೆ. ಶಾಸನವೆಂದರೆ ಅರಸರ ಹೊಗಳಿಕೆ ಮಾತ್ರ ಎಂದುಕೊಳ್ಳುವುದು ತಪ್ಪು. ತುರು ಕಾಯುತ್ತ ಸತ್ತವರ ವೀರಗಲ್ಲುಗಳಲ್ಲಿ, ಕೆರೆ-ದೇವಸ್ಥಾನಗಳಿಗೆ ಬಿಟ್ಟ ದತ್ತಿಗಳಲ್ಲಿ ಗೌಡರ, ಸೆಟ್ಟಿಗಳ, ಊರಿನ ಒಕ್ಕಲುಗಳ ಹೆಸರುಗಳಿವೆ. ಆದರೆ ತಮ್ಮ ಊರಿನ ಕಲ್ಲಿನಲ್ಲಿರುವ ಗೌಡನೇ ತಮ್ಮ ಮೂಲಪುರುಷನೆಂದು ಹೇಳಲು, ಆ ಕಲ್ಲಿಗೂ ಮೊದಲ ಸರ್ವೆಗೂ ನಡುವಿನ ಶತಮಾನಗಳನ್ನು ತುಂಬುವ ದಾಖಲೆ ಬೇಕು. ಅದು ಸಾಮಾನ್ಯವಾಗಿ ಇಲ್ಲ. ಆವತಿಯ ಐತಿಹ್ಯವನ್ನೂ ಹೀಗೆಯೇ ನೋಡಬೇಕಾಗುತ್ತದೆ. ರಣಭೈರೇಗೌಡ ತನ್ನವರೊಡನೆ ಕಂಚಿಯ ಕಡೆಯಿಂದ ಬಂಡಿಗಳಲ್ಲಿ ಬಂದು ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ ನೆಲೆಸಿದನೆಂದೂ, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳ ನಾಡಪ್ರಭುಗಳ ಮನೆತನಗಳು ಅಲ್ಲಿಂದ ಕವಲೊಡೆದವೆಂದೂ ಹೇಳುವ ಆ ಕಥೆ ಮೊರಸು ಒಕ್ಕಲಿಗರ ವಲಸೆಯ ಸಾಮೂಹಿಕ ನೆನಪಾಗಿ ಅಮೂಲ್ಯವಾದದ್ದು. ಯಾವುದೇ ಒಂದು ಕುಟುಂಬದ ವಂಶವನ್ನು ಆವತಿಗೆ ಜೋಡಿಸಲು ಅದೊಂದೇ ಸಾಲದು.

ಹಿರಿಯರು ಹೇಳುವ ಸಂವತ್ಸರದ ಹೆಸರನ್ನು ನಿಖರವಾದ ಇಸವಿಯೆಂದು ಬರೆದುಕೊಳ್ಳುವುದು ಇನ್ನೊಂದು ಎಡವಟ್ಟು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ‘ಧಾತುವಿನಲ್ಲಿ ತೀರಿಕೊಂಡರು’ ಎಂಬುದು 1876-77 ಆಗಿರಬಹುದು, 1936-37 ಕೂಡ ಆಗಿರಬಹುದು. ಅದರ ಜೊತೆಗೆ ಬರದ ಮಾತು ಬಂದರೆ ಮೊದಲನೆಯದೆಂದು ತಿಳಿಯಬಹುದು. ಹೆಳವರ ಹೇಳಿಕೆಯನ್ನು ಕೆಲವರು ಪೂರ್ತಿ ನಂಬುತ್ತಾರೆ, ಕೆಲವರು ಭಿಕ್ಷೆಗಾಗಿ ಹಾಡುವ ಹೊಗಳಿಕೆಯೆಂದು ತಳ್ಳಿಹಾಕುತ್ತಾರೆ. ಎತ್ತಿನೊಡನೆ ಊರೂರು ಸುತ್ತಿ, ತಮಗೆ ಗೊತ್ತಾದ ಒಕ್ಕಲುಗಳ ಮನೆಯ ಮುಂದೆ ವಂಶಾವಳಿಯನ್ನು ಒಪ್ಪಿಸಿ, ದವಸ-ಕಾಣಿಕೆ ಪಡೆಯುವ ಈ ಸಮುದಾಯದವರು ಹಳೆಯ ಪುಸ್ತಕಗಳಲ್ಲಿ ಹೊಸ ಹುಟ್ಟುಗಳನ್ನು ಸೇರಿಸುತ್ತ ಬಂದಿದ್ದಾರೆ. ಮೂರು-ನಾಲ್ಕು ತಲೆಮಾರುಗಳವರೆಗೆ ಅವರ ಹೇಳಿಕೆಯನ್ನು ಪೌತಿ ನಮೂದುಗಳೊಡನೆ ತಾಳೆ ನೋಡಬಹುದು. ಅದಕ್ಕಿಂತ ಹಿಂದಿನದನ್ನು ಪರಂಪರೆಯ ಮಾತೆಂದೇ ಗುರುತುಮಾಡಿ ಗೌರವದಿಂದ ಬರೆದಿಡುವುದು ಸರಿಯಾದ ಕ್ರಮ.

ಕೊನೆಯದಾಗಿ, ನಾಡಕಚೇರಿಯಲ್ಲಿ ಪಡೆಯುವ ವಂಶವೃಕ್ಷದ ಪತ್ರ. ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸೀಮೆಯಲ್ಲಿ ಇದಿಲ್ಲದೆ ಜಮೀನಿನ ಯಾವ ವ್ಯವಹಾರವೂ ಮುಂದಕ್ಕೆ ಹೋಗುವುದಿಲ್ಲ, ಹಾಗಾಗಿ ಅದನ್ನೇ ವಂಶದ ಅಧಿಕೃತ ಚರಿತ್ರೆಯೆಂದು ಜನ ಭಾವಿಸಿದ್ದಾರೆ. ಅರ್ಜಿದಾರನ ಪ್ರಮಾಣಪತ್ರ ಮತ್ತು ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ಸ್ಥಳವಿಚಾರಣೆಯ ಮೇಲೆ ನಿಂತಿರುವ ಆ ಪತ್ರ ಅರ್ಜಿದಾರ ಹೇಳಿದ್ದನ್ನು ಹೇಳುತ್ತದೆ. ವಾರಸುದಾರಿಕೆಯ ವ್ಯಾಜ್ಯವನ್ನು ತೀರ್ಮಾನಿಸುವ ಅಧಿಕಾರ ಸಿವಿಲ್ ನ್ಯಾಯಾಲಯದ್ದು. ವಂಶವೃಕ್ಷದ ಪತ್ರದಲ್ಲಿ ಮೊದಲು ಬಿಟ್ಟುಹೋಗುವುದು ಹೆಣ್ಣುಮಕ್ಕಳ ಹೆಸರು. ಹಳೆಯ ದಾಖಲೆಗಳಲ್ಲಿಯೂ ಹೆಂಗಸು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಗಂಡ ಸತ್ತ ಮೇಲೆ, ‘ಕೋಂ’ ಎಂದು, ಅಂದರೆ ಇಂಥವನ ಹೆಂಡತಿ ಎಂದು. ಅವಳ ತವರು ಯಾವುದೆಂದು ಅಲ್ಲಿ ತಿಳಿಯುವುದಿಲ್ಲ. ಅದನ್ನು ತಿಳಿಯಲು ಉಪನೋಂದಣಿ ಕಚೇರಿಯ ದಾನಪತ್ರ, ವಿಭಾಗಪತ್ರಗಳನ್ನು ನೋಡಬೇಕು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿಯೂ, 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಪಾಲು ಕೊಟ್ಟ ನಂತರ, ಜಮೀನು ಕೊಳ್ಳುವವರು ಅಕ್ಕತಂಗಿಯರ ಸಹಿಯಿಲ್ಲದ ಕ್ರಯಕ್ಕೆ ಒಪ್ಪದಾಗಿದ್ದಾರೆ. ಹೀಗಾಗಿ ಈಚಿನ ಕ್ರಯಪತ್ರ ಮತ್ತು ಹಕ್ಕುಬಿಡುಗಡೆ ಪತ್ರಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು, ವಯಸ್ಸು ಮತ್ತು ಅವರು ಸೇರಿದ ಊರು ಸಾಲಾಗಿ ಬರೆಯಲ್ಪಡುತ್ತಿವೆ.