ಒಂದೇ ಸೂಜಿ, ಎರಡು ಸೋಂಕು

ಕಾಮಾಲೆಗೆ ನಾಟಿ ಔಷಧಿಯೇ ಸರಿ ಎಂಬ ನಂಬಿಕೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಆದರೆ ಕಲುಷಿತ ನೀರು, ಆಹಾರಗಳಿಂದ ಬಂದು ಕಾಮಾಲೆ ತರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ರೋಗಿಗಳಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುವುದರಿಂದ, ಆ ಔಷಧಿಗೆ ಸಲ್ಲುವ ಕೀರ್ತಿಯಲ್ಲಿ ದೊಡ್ಡ ಪಾಲು ರೋಗಿಯ ದೇಹಕ್ಕೇ ಸೇರಬೇಕಾದದ್ದು. ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳ ಸ್ವಭಾವ ಬೇರೆ. ಎಷ್ಟೋ ಮಂದಿಯಲ್ಲಿ ಕಣ್ಣು ಹಳದಿಯಾಗುವ ಸುಳಿವನ್ನೂ ಕೊಡದೆ ಅವು ದಶಕಗಳ ಕಾಲ ಯಕೃತ್ತಿನಲ್ಲಿ ನೆಲೆಸಿ, ಆ ಅಂಗವು ಕಲೆಗಟ್ಟಿ ಗಡುಸಾಗುವ ಸಿರೋಸಿಸ್‌ಗೂ ಕ್ಯಾನ್ಸರಿಗೂ ಕಾರಣವಾಗುತ್ತವೆ. ದೇಹದ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಚ್‌ಐವಿಯೂ ಇವುಗಳಂತೆ ಸೋಂಕಿತ ರಕ್ತ, ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಮಗುವಿಗೆ ಎಂಬ ಮೂರು ದಾರಿಗಳಲ್ಲೇ, ಪ್ರಮಾಣದಲ್ಲಿ ಹೆಚ್ಚುಕಡಿಮೆಯಾಗಿ, ಹರಡುತ್ತದೆ.

ಯಾವ ಸಮುದಾಯದಲ್ಲಿ ಯಾವ ದಾರಿ ತೆರೆದಿದೆ ಎಂಬುದನ್ನು ಅಲ್ಲಿನ ಚರಿತ್ರೆಯೇ ನಿರ್ಧರಿಸುತ್ತದೆ ಎಂಬುದಕ್ಕೆ ಈಜಿಪ್ಟ್ ದೊಡ್ಡ ನಿದರ್ಶನ. ನೈಲ್ ನದಿಯ ಕಾಲುವೆಗಳಲ್ಲಿ ನಿಂತು ದುಡಿಯುವ ರೈತರನ್ನು ಕಾಡುತ್ತಿದ್ದ ಬಿಲ್‌ಹಾರ್ಜಿಯಾ ಎಂಬ ಹುಳುವಿನ ರೋಗವನ್ನು ನೀಗಿಸಲು 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಅಲ್ಲಿನ ಸರ್ಕಾರವು ಊರೂರಿನಲ್ಲಿ ಚುಚ್ಚುಮದ್ದು ಹಾಕಿಸಿತು. ಒಬ್ಬರಿಗೆ ಬಳಸಿದ ಗಾಜಿನ ಸಿರಿಂಜನ್ನು ಸರಿಯಾಗಿ ಕುದಿಸದೆ ಮತ್ತೊಬ್ಬರಿಗೆ ಬಳಸಿದ್ದರಿಂದ, 1989ರವರೆಗೆ ಗುರುತೇ ಸಿಕ್ಕಿರದ ಹೆಪಟೈಟಿಸ್ ಸಿ ವೈರಾಣು ಇಡೀ ಹಳ್ಳಿಗಳಿಗೆ ಹಬ್ಬಿತು. ಸೋಂಕು ಬಂದದ್ದು ಚಿಕಿತ್ಸೆಯಿಂದಲೇ ಆದ್ದರಿಂದ ರೋಗಿಯ ನಡತೆಯನ್ನು ಶಂಕಿಸಲು ಅಲ್ಲಿ ಆಸ್ಪದ ಕಡಿಮೆಯಿತ್ತು. 2018ರ ಅಕ್ಟೋಬರಿನಿಂದ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನ ಈ ವೈರಾಣುವಿನ ಪರೀಕ್ಷೆಗೆ ಬಂದರು; ಅಮೆರಿಕದಲ್ಲಿ 84,000 ಡಾಲರ್ ಬೆಲೆಯಿದ್ದ, ಈ ಸೋಂಕನ್ನು ಗುಣಪಡಿಸುವ ಸೋಫೋಸ್ಬುವಿರ್ ಮಾತ್ರೆಯ ಹನ್ನೆರಡು ವಾರಗಳ ಚಿಕಿತ್ಸೆಯನ್ನು ಸರ್ಕಾರ 2014ರಲ್ಲೇ ಚೌಕಾಸಿ ಮಾಡಿ ಸುಮಾರು 900 ಡಾಲರಿಗೆ ಇಳಿಸಿಕೊಂಡಿತ್ತು.

ಮಣಿಪುರದಲ್ಲೂ ದಾರಿ ಸೂಜಿಯದೇ, ಆದರೆ ಅದನ್ನು ಹಿಡಿದ ಕೈ ಬೇರೆ. ಮ್ಯಾನ್ಮಾರ್ ಗಡಿಯಿಂದ ಬರುವ ಹೆರಾಯಿನ್ನನ್ನು ಒಂದೇ ಸಿರಿಂಜಿನಲ್ಲಿ ಹಂಚಿಕೊಳ್ಳುತ್ತಿದ್ದ ತರುಣರಲ್ಲಿ 1990ರ ಹೊತ್ತಿಗೆ ಎಚ್‌ಐವಿ ವೇಗವಾಗಿ ಹರಡಿತು. ರಕ್ತದ ಮೂಲಕ ಅದಕ್ಕಿಂತ ಸುಲಭವಾಗಿ ದಾಟುವ ಹೆಪಟೈಟಿಸ್ ಸಿಯೂ ಅವರನ್ನು ಹಿಡಿಯಿತು. ವ್ಯಸನಿ ಎಂಬ ಹಣೆಪಟ್ಟಿಗೆ ಹೆದರಿ ಅಡಗಿಕೊಂಡವನನ್ನು ತಲುಪಲು ಪೊಲೀಸರಿಗಿಂತ ಹೊಸ ಸೂಜಿ ಹಿಡಿದು ಬಂದ ಗೆಳೆಯನೇ ಸಮರ್ಥ ಎಂಬ ಹಾನಿ ತಗ್ಗಿಸುವ ನೀತಿಯನ್ನು ಆ ರಾಜ್ಯ 1996ರಲ್ಲೇ ಒಪ್ಪಿಕೊಂಡದ್ದು ಧೈರ್ಯದ ಕೆಲಸ.

ಸೂಜಿಯ ದಾರಿಯಲ್ಲದೆ ತಾಯಿಯಿಂದಲೂ ಬರುವ ಹೆಪಟೈಟಿಸ್ ಬಿಗೆ ಲಸಿಕೆಯಿದ್ದು, ಅದನ್ನು ಹುಟ್ಟಿದ 24 ಗಂಟೆಗಳೊಳಗೆ ಹಾಕಿಸಬೇಕು. ಏಕೆಂದರೆ ಶೈಶವದಲ್ಲಿ ಸೋಂಕು ತಗುಲಿದ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿಯುತ್ತದೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆ ಇದೆ. ಎಚ್‌ಐವಿಗೆ ಎರಡೂ ಇಲ್ಲದಿದ್ದರೂ ಹತೋಟಿಯ ಚಿಕಿತ್ಸೆ ಇದೆ. ಭಾರತದಲ್ಲಿ ಎಚ್‌ಐವಿ ಮಾತ್ರೆಗಳು 2004ರಿಂದ, ಹೆಪಟೈಟಿಸ್ ಮಾತ್ರೆಗಳು 2018ರ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ಸಿಗುತ್ತಿವೆ. ಎಚ್‌ಐವಿಗೆ ಕೊಡುವ ಟೆನೊಫೊವಿರ್ ಹೆಪಟೈಟಿಸ್ ಬಿಯನ್ನೂ ಅದುಮಿಡುವುದರಿಂದ, ಎರಡೂ ಸೋಂಕಿರುವವರು ಅದನ್ನು ಹಠಾತ್ತನೆ ಬಿಟ್ಟರೆ ಯಕೃತ್ತಿನ ಉರಿಯೂತ ಉಲ್ಬಣಿಸಬಹುದು. ಹಾಗಾಗಿಯೇ ಎಚ್‌ಐವಿ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರಕ್ಕೆ ಬಂದವರಿಗೆ ಮೊದಲೇ ಹೆಪಟೈಟಿಸ್ ಪರೀಕ್ಷೆ ಮಾಡುವುದು ಅಗತ್ಯ.