ನಿಮಗಿದು ಗೊತ್ತೆ? ಹೊಸ ರ‍್ಯಾಮ್‌ಗೆ ಕತ್ತಲಲ್ಲೇ ತಾಲೀಮು!

ಹೊಸ ರ‍್ಯಾಮ್ ಹಾಕಿದ ಕಂಪ್ಯೂಟರ್, ಏನೂ ಕೆಡದಿದ್ದರೂ, ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆಯಲ್ಲಿ ಏನನ್ನೂ ತೋರಿಸದೆ ಇರಬಹುದು! ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಡಿಡಿಆರ್‌5 ರ‍್ಯಾಮ್ ಬಳಸುವ ಯಂತ್ರಗಳಲ್ಲಿ, ಅದರಲ್ಲೂ 2022ರಲ್ಲಿ ಬಂದ ಎಎಂಡಿಯ ಎಎಂ5 ಮದರ್‌ಬೋರ್ಡ್‌ಗಳಲ್ಲಿ, ಇದು ಸಾಮಾನ್ಯ.

ಆ ಹೊತ್ತಿನಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ಒಂದಕ್ಕೊಂದು ಹೊಂದಿಕೊಳ್ಳುತ್ತಿರುತ್ತವೆ. ಇದಕ್ಕೆ ‘ಮೆಮೊರಿ ಟ್ರೇನಿಂಗ್’ ಎಂದು ಹೆಸರು. ಡಿಡಿಆರ್‌5-6000 ರ‍್ಯಾಮ್‌ನ ಒಂದೊಂದು ದತ್ತಾಂಶ ತಂತಿಯಲ್ಲೂ ಸೆಕೆಂಡಿಗೆ 600 ಕೋಟಿ ಬಿಟ್‌ಗಳು ಹಾಯುತ್ತವೆ. ಒಂದು ಬಿಟ್‌ಗೆ ಸಿಗುವ ಸಮಯದಲ್ಲಿ ಬೆಳಕು ಕೂಡ ಸಾಗುವುದು 5 ಸೆಂಟಿಮೀಟರ್ ಮಾತ್ರ! ಹಾಗಾಗಿ ಪ್ರತಿ ತಂತಿಯ ಸಂಕೇತವನ್ನು ಯಾವ ಕ್ಷಣಕ್ಕೆ, ಎಷ್ಟು ವೋಲ್ಟೇಜ್‌ನಲ್ಲಿ ಓದಿದರೆ ತಪ್ಪಾಗದು ಎಂದು ಮತ್ತೆ ಮತ್ತೆ ಪರೀಕ್ಷಿಸಲೇಬೇಕು. ರ‍್ಯಾಮ್ ಹೆಚ್ಚಿದಷ್ಟೂ ಕಾಯುವ ಹೊತ್ತೂ ಹೆಚ್ಚು.

ಗಾಬರಿಯಿಂದ ಸ್ವಿಚ್ ಆರಿಸುವುದೇ ಇಲ್ಲಿ ದೊಡ್ಡ ತಪ್ಪು. ಮತ್ತೆ ಆನ್ ಮಾಡಿದರೆ ಪರೀಕ್ಷೆ ಮೊದಲಿನಿಂದ ಶುರು. ಹಲವು ಮದರ್‌ಬೋರ್ಡ್‌ಗಳಲ್ಲಿ ‘ಡಿರ‍್ಯಾಮ್’ ಎಂದು ಬರೆದ ಪುಟ್ಟ ದೀಪವಿರುತ್ತದೆ. ಈ ಕೆಲಸ ನಡೆಯುವಾಗ ಅದು ಉರಿಯುತ್ತಿರುತ್ತದೆ.

ಹದಿನೈದು ನಿಮಿಷವಾದರೂ ಚಿತ್ರ ಬಾರದಿದ್ದರೆ ಮೊದಲು ಮಾನಿಟರ್ ಕೇಬಲ್ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಸೇರಿರಬೇಕು. ಆಮೇಲೆ ವಿದ್ಯುತ್ ಸಂಪರ್ಕ ತೆಗೆದು, ಒಂದೇ ರ‍್ಯಾಮ್ ಸ್ಟಿಕ್ ಅನ್ನು ‘ಕ್ಲಿಕ್’ ಎನ್ನುವವರೆಗೆ ಒತ್ತಿ ಕೂರಿಸಿ ಪ್ರಯತ್ನಿಸಿ. ಒಮ್ಮೆ ಹೊಂದಿಕೊಂಡ ಲೆಕ್ಕವನ್ನು ಅನೇಕ ಬೋರ್ಡ್‌ಗಳು ಉಳಿಸಿಕೊಳ್ಳುವುದರಿಂದ ಮುಂದಿನ ಸಲ ಪರದೆ ಬೇಗ ಬೆಳಗುತ್ತದೆ.